ಕಸ ಬೆಳೆಸುವ ಸಂಘ

ನನಗೊಂದು ಚಟವಿದೆ. ಬೀಡಿ, ಎಲೆಅಡಿಕೆ, ಇಸ್ಪೀಟು ಯಾವುದೂ ಅಲ್ಲ. ಅವಾದರೆ ಬಿಡಿಸಲು ಡಾಕ್ಟರಿದ್ದಾರೆ. ಮಣ್ಣಿರುವ ಜಾಗ ಯಾವುದೇ ಇರಲಿ, ಅಲ್ಲಿ ನಿಂತರೆ ನನ್ನ ಬಲಗೈ ನನ್ನನ್ನು ಕೇಳದೆ ಕೆಳಗಿಳಿದು, ಅಲ್ಲಿ ಹುಟ್ಟಿರುವ ಕಸವೊಂದನ್ನು ಬೇರುಸಹಿತ ಕಿತ್ತು ಬೆನ್ನ ಹಿಂದಕ್ಕೆ ಒಗೆದುಬಿಡುತ್ತದೆ. ಮೊನ್ನೆ ಶಹಾಪುರದ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಕುಂಡದಿಂದ ಏನನ್ನೋ ಕಿತ್ತೆ. ಮ್ಯಾನೇಜರ್ ಬಾಯಿ ಗಾಜಿನ ಕೋಣೆಯಿಂದ ಓಡಿಬಂದರು. ಅದು ಅವರು ಎಲ್ಲಿಂದಲೋ ಆಸೆಪಟ್ಟು ತರಿಸಿದ್ದ ಗಿಡವಂತೆ. ಸುರಪುರದಲ್ಲಿ ನಡೆದ ನನ್ನ ಅಕ್ಕನ ಮಗನ ಮದುವೆಯ ವಿಡಿಯೊ ನೋಡಿದರೆ, ಅಕ್ಷತೆ ಬೀಳುವ ಹೊತ್ತಿಗೆ ಎಲ್ಲರ ಕೈಗಳು ಮೇಲೆದ್ದಿವೆ, ನನ್ನ ಬೆನ್ನು ಮಾತ್ರ ಕಾಣುತ್ತದೆ. ನಾನು ಪೆಂಡಾಲಿನ ಕಂಬದ ಬುಡದಲ್ಲಿ ಬಗ್ಗಿದ್ದೇನೆ. ಬೀಗರು ಇಂದಿಗೂ ನಾನು ಏನನ್ನೋ ಕಳೆದುಕೊಂಡಿದ್ದೆ ಎಂದೇ ತಿಳಿದಿದ್ದಾರೆ.

ಇದು ನಮ್ಮವ್ವ ಕೊಟ್ಟ ಆಸ್ತಿ. ಸುರಪುರದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಮಳೆಗಾಲವೆಂದರೆ ಕಸ ತೆಗೆಯುವ ಕಾಲ. ಅವ್ವ ಸೀರೆಯ ಕಚ್ಚೆ ಬಿಗಿದು, ಕುಕ್ಕರಗಾಲಲ್ಲಿ ಕುಳಿತು ಕುರ್ಪಿ ಆಡಿಸುತ್ತ ಮುಂದೆ ಹೋದರೆ, ಅವಳು ಕಿತ್ತದ್ದನ್ನು ಹೊತ್ತು ಬದುವಿಗೆ ಚೆಲ್ಲುವುದು ನನ್ನ ಕೆಲಸ. ಒದ್ದೆ ಕರಿಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ, ಸಾಲು ಮುಗಿಯುವಷ್ಟರಲ್ಲಿ ನಾನು ಅಪ್ಪನಷ್ಟು ಎತ್ತರವಾಗಿರುತ್ತಿದ್ದೆ. ಅವ್ವನಿಗೆ ಪ್ರತಿಯೊಂದು ಕಸದ ಹೆಸರೂ ಗೊತ್ತಿತ್ತು. ಒಂದಕ್ಕೆ ಮಾತ್ರ ಅವಳು ಹೆಸರಿಟ್ಟಿರಲಿಲ್ಲ. ತೊಗರಿಯ ನಡುವೆ ಸೊಂಟದೆತ್ತರ ಬೆಳೆದು, ತುದಿಯಲ್ಲಿ ಗುಲಾಬಿ, ಬುಡದಲ್ಲಿ ಬಿಳಿ ಇರುವ ಬಾಲದಂಥ ಹೂ ಬಿಡುವ ಗಿಡ ಅದು. ಅದನ್ನು ಕಂಡರೆ ಅವಳ ಬಾಯಿಂದ ಬರುತ್ತಿದ್ದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಆ ಬೈಗುಳವೇ ಗಿಡದ ಹೆಸರೆಂದು ತಿಳಿದು, ಶಾಲೆಯಲ್ಲಿ ಮಾಸ್ತರು ನಿಮ್ಮ ಹೊಲದಲ್ಲಿ ಏನೇನು ಬೆಳೆಯುತ್ತದೆ ಎಂದು ಕೇಳಿದಾಗ ಎದ್ದು ನಿಂತು ಗಟ್ಟಿಯಾಗಿ ಹೇಳಿದ್ದೆ. ಬಿದ್ದ ಏಟು ಬಲವಾಗಿಯೇ ಇತ್ತು.

ಇಂಥ ನನ್ನನ್ನು ಕಾಡುಹೂವಿನ ತೋಟ ನೋಡಿಕೊಳ್ಳುವ ಸಂಘಕ್ಕೆ ಸೇರಿಸಿಕೊಂಡವರ ಧೈರ್ಯವನ್ನು ನೀವು ಮೆಚ್ಚಬೇಕು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ, ನಮ್ಮ ಮನೆಗಳ ಸಾಲಿನ ಹಿಂದೆ, ಹಳೆಯ ಕ್ವಾರ್ಟರ್ಸು ಕೆಡವಿದ ಉದ್ದನೆಯ ಜಾಗವೊಂದಿದೆ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತಾಗ, ನನ್ನ ಹೆಂಡತಿ ಶಾಂತಾ ಬಹಳ ದಿನ ತಾಳಲಿಲ್ಲ. ಒಗ್ಗರಣೆಗೆ ಸಾಸಿವೆ ಮೊದಲೋ ಜೀರಿಗೆ ಮೊದಲೋ ಎಂದು ನಾನು ಸಲಹೆ ಕೊಟ್ಟ ದಿನವೇ, ಎಲ್ಲಿಗಾದರೂ ಹೋಗಿ ಸಮಾಜಸೇವೆ ಮಾಡಿಬನ್ನಿ ಎಂದು ಹೊರಗೆ ಕಳಿಸಿದಳು. ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿ ಹೀಗೆಯೇ ಹುಟ್ಟುತ್ತಾರೆಂದು ನನ್ನ ಅಂದಾಜು.

ಆ ಜಾಗದಲ್ಲಿ ಹೂವಿನ ತೋಟದ ಯೋಚನೆ ಎಬ್ಬಿಸಿದವರು ಅನಸೂಯಾ ಅಕ್ಕೋರು. ಗುರುಮಠಕಲ್ ದಾಟಿ ಗಡಿಯಾಚೆಗಿರುವ ತೆಲುಗು ಊರಿನವರು; ಮದುವೆಯಾಗಿ ಈ ಕಡೆಗೆ ಬಂದು, ಕ್ಯಾಂಪಿನ ಶಾಲೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿ ನಿವೃತ್ತರಾದವರು. ಪಾಠ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ. ಅವರಿಗೆ ಬೇಕಾದದ್ದು ಗುಲಾಬಿ, ಮಲ್ಲಿಗೆ ಅಲ್ಲ. ಯಾರೂ ಬಿತ್ತದ, ಯಾರೂ ನೀರುಣಿಸದ ಹೂಗಳು. ತಂಗಡಿ, ತುಂಬೆ, ವಿಷ್ಣುಕ್ರಾಂತಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಗುನುಗು. ಗುನುಗು ಅಂದರೇನು ಎಂದು ಕೇಳಿದೆ. ತೋರಿಸಿದರು. ನಮ್ಮವ್ವನ ಹೆಸರಿಲ್ಲದ ಶತ್ರು, ಬಾಲ ಎತ್ತಿಕೊಂಡು ನಿಂತಿತ್ತು. ಬಾಯಿಗೆ ಬಂದ ಹಳೆಯ ಹೆಸರನ್ನು ಕಷ್ಟಪಟ್ಟು ನುಂಗಿದೆ.

ಸಂಘ ಶುರುವಾದ ದಿನ ಫೋಟೊಗೆ ಜಾಗ ಸಾಲದಷ್ಟು ಜನರಿದ್ದರು. ಮರುವಾರ ಉಳಿದದ್ದು ಅಕ್ಕೋರು, ನಾನು ಮತ್ತು ಸಾಬಣ್ಣ. ಸಾಬಣ್ಣ ನೀರಾವರಿ ಕೆಲಸಗಳ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವನು. ಜೀವನವಿಡೀ ದೊಡ್ಡ ಸಾಹೇಬರು ಬರುವ ಮುನ್ನ ಕ್ಯಾಂಪನ್ನು ಚೊಕ್ಕ ಮಾಡಿ, ಅಲುಗಾಡದೆ ನಿಂತ ಪ್ರತಿಯೊಂದು ವಸ್ತುವಿಗೂ ಸುಣ್ಣ ಹಚ್ಚಿಸಿ, ಅಂಚಿಗೆ ಕೆಮ್ಮಣ್ಣು ಬಳಿಸಿದ ಮನುಷ್ಯ. ನಸುಕಿನಲ್ಲಿ ಒಮ್ಮೆ ಮಲಗಿದ್ದ ಎಮ್ಮೆಯ ಬೆನ್ನಿಗೂ ಬ್ರಶ್ ಆಡಿಸಿದ್ದನೆಂದು ಕ್ಯಾಂಪಿನಲ್ಲಿ ಹೇಳುತ್ತಾರೆ. ಅವನು ಒಪ್ಪುವುದಿಲ್ಲ, ಆದರೆ ಎಮ್ಮೆ ಯಾರದೆಂದು ಕೇಳಿದರೆ ಹೆಸರು ಹೇಳುತ್ತಾನೆ.

ನಮ್ಮ ವಾರದ ಕೆಲಸವನ್ನು ನೀವು ನೋಡಬೇಕಿತ್ತು. ಮೇಕೆಗಳನ್ನು ಓಡಿಸುವುದು, ಮುಳ್ಳಿನ ಬೇಲಿ ಸರಿ ಮಾಡುವುದು, ಕುರ್‌ಕುರೆಯ ಖಾಲಿ ಪೊಟ್ಟಣ ಆಯುವುದು, ಬಳ್ಳಾರಿ ಜಾಲಿಯ ಸಸಿ ಕೀಳುವುದು. ರಾಜಕೀಯ ಪಕ್ಷವೊಂದರ ಹೆಸರು ಹೊತ್ತು ನಾಡೆಲ್ಲ ಹಬ್ಬಿರುವ ಆ ಬಿಳಿಹೂವಿನ ಕಸವಿದೆಯಲ್ಲ, ಅದನ್ನೂ ಕೀಳುವುದು. ಕಿತ್ತದ್ದೆಲ್ಲ ಮೂಲೆಯ ತಿಪ್ಪೆಗುಂಡಿಗೆ. ಕಷ್ಟವೇನೆಂದರೆ ಸಾಬಣ್ಣ, ನಾನು ಇಬ್ಬರೂ ಒಕ್ಕಲುತನದ ಮನೆಯವರು. ಯಾವುದು ಕೀಳಬೇಕಾದ ಕಸ, ಯಾವುದು ಕಾಪಾಡಬೇಕಾದ ಕಸ ಎಂದು ತಲೆಗೆ ತಿಳಿದರೂ ಕೈಗೆ ತಿಳಿಯುತ್ತಿರಲಿಲ್ಲ. ಅಕ್ಕೋರು ನನ್ನನ್ನು ತಂಗಡಿ ಪೊದೆಗಳ ಕಡೆಗೆ ಮಾತ್ರ ಬಿಡುತ್ತಿದ್ದರು, ಅವು ನನ್ನ ಕೈಗೆ ಕೀಳಲು ಬಾರದಷ್ಟು ಗಟ್ಟಿಯಾಗಿದ್ದವು. ಹಾದಿಯಲ್ಲಿ ಹೋಗುವವರು ಸೈಕಲ್ ಮೋಟರ್ ನಿಲ್ಲಿಸಿ ಇಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳುವರು. ಕಾಡುಹೂ ಎಂದರೆ ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ನಮ್ಮ ಹೊಲಕ್ಕೂ ಬನ್ನಿ, ಬೇಕಾದಷ್ಟಿದೆ ಎಂದು ನಕ್ಕು ಹೋಗುವರು. ಕ್ಯಾಂಪಿನಲ್ಲಿ ನಮಗೆ ಕಸ ಬೆಳೆಸುವ ಸಂಘ ಎಂದೇ ಹೆಸರು ಬಿತ್ತು.

ಅಕ್ಕೋರಿಗೆ ಇದು ತಮಾಷೆಯಾಗಿರಲಿಲ್ಲ. ಅವರ ತವರಿನಲ್ಲಿ ಮಹಾಲಯ ಅಮವಾಸ್ಯೆಯಿಂದ ಬತುಕಮ್ಮನ ಹಬ್ಬ. ಗುನುಗು, ತಂಗಡಿ ಹೂಗಳನ್ನು ತಾಟಿನಲ್ಲಿ ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸಿ, ನಡುವೆ ಇಟ್ಟು, ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತ ಸುತ್ತು ಹಾಕಿ ಹಾಡಿ, ಕೊನೆಗೆ ನೀರಿಗೆ ಬಿಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅಕ್ಕೋರು ಇಲ್ಲಿ ಸಂತೆಯ ಚೆಂಡುಹೂ ತಂದು, ಅಂಗಳದಲ್ಲಿ ಇಟ್ಟು, ಒಬ್ಬರೇ ಆಡುತ್ತಿದ್ದರು. ನಮ್ಮ ಮನೆಯ ಕಿಟಕಿಯಿಂದ ಕಾಣುತ್ತಿತ್ತು. ಯಾವುದೋ ವ್ರತ ಇರಬೇಕೆಂದು ನಾವು ಅಷ್ಟು ವರ್ಷ ಕಿಟಕಿ ಮುಚ್ಚಿಕೊಂಡು ಮರ್ಯಾದೆ ತೋರಿಸಿದ್ದೆವು. ಒಂದು ದಿನ ಶಾಂತಾ ಕೇಳಿಯೇ ಬಿಟ್ಟಳು. ಅಕ್ಕೋರು ಹೇಳಿದರು:

“ಒಬ್ಬಾಕಿ ಸುತ್ತಿದ್ರ ಅದು ಹಬ್ಬ ಆಗಂಗಿಲ್ಲಬೇ ಶಾಂತಾ. ಬರೇ ಪ್ರದಕ್ಷಿಣಿ ಆಗ್ತದ.”

ಅಂದಿನಿಂದ ಶಾಂತಾ ಸಾಲುಮನೆಗಳ ಹೆಂಗಸರನ್ನೆಲ್ಲ ಹಿಡಿದು, ಬರುವ ಅಮವಾಸ್ಯೆಗೆ ಎಲ್ಲರೂ ಸೇರಿ ಆಡೋಣವೆಂದು ಒಪ್ಪಿಸಿದಳು. ಹೂ ಮಾತ್ರ ಅಸಲಿ ಆಗಬೇಕು ಎಂಬುದು ಅಕ್ಕೋರ ಒಂದೇ ಹಟ. ಮೊದಲ ವರ್ಷ ಗುನುಗು ಅಷ್ಟಿಷ್ಟು ಬಂದಿತ್ತು. ಒಂದೇ ಒಂದು ಹೂ ಕೀಳಲು ಬಿಡದೆ, ಎಲ್ಲವನ್ನೂ ಗಿಡದಲ್ಲೇ ಒಣಗಲು ಬಿಟ್ಟಿದ್ದರು. ಬೀಜ ಸಿಡಿದು ಬಿದ್ದರೆ ಮಳೆಗೆ ಜಾಗವೆಲ್ಲ ಅದೇ ಆಗುತ್ತದೆ, ಹಬ್ಬಕ್ಕೆ ಸಾಲುತ್ತದೆ ಎಂದು ಅವರ ಲೆಕ್ಕ.

ಬೇಸಿಗೆಯ ಕೊನೆ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಹೋಗುವಾಗಲೂ ನಾಲ್ಕು ಬಾರಿಸಿಯೇ ಹೋಗುತ್ತದೆ. ಆ ಹೊತ್ತಿಗೆ ಕಾಡುಹೂವಿನ ತೋಟದಷ್ಟು ದರಿದ್ರವಾಗಿ ಕಾಣುವ ವಸ್ತು ಇನ್ನೊಂದಿಲ್ಲ. ಎಲ್ಲವೂ ಒಣಗಿ ಕಡ್ಡಿ. ಗುನುಗಿನ ಬಾಲಗಳು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಾಸಿವೆಗಿಂತ ಸಣ್ಣ ಕರಿ ಬೀಜ ಅಂಗೈಗೆ ಉದುರುತ್ತಿದ್ದವು. ಅದೇ ಸಮಯಕ್ಕೆ ಅಕ್ಕೋರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೈದರಾಬಾದಿನ ಅಕ್ಕನ ಮನೆಗೆ ಹೊರಟರು. ಬಸ್ಸು ಹತ್ತುವ ಮೊದಲು ನನಗೂ ಸಾಬಣ್ಣನಿಗೂ ತೋಟ ಒಪ್ಪಿಸಿ ಹೇಳಿದ್ದು ಇಷ್ಟು: “ಏನೂ ಮಾಡಬ್ಯಾಡ್ರಿ. ಮೇಕಿ ಬಂದ್ರ ಹೊಡದು ಕಳಸ್ರಿ, ಸಾಕು.”

ಇಬ್ಬರು ನಿವೃತ್ತ ಸರಕಾರಿ ನೌಕರರಿಗೆ ಏನೂ ಮಾಡದೆ ಇರುವುದು ಸುಲಭದ ಕೆಲಸವೆಂದು ನೀವು ತಿಳಿದರೆ ತಪ್ಪು. ಸಂಬಳ ಬರುವಾಗ ಅದು ನಮಗೆ ಚೆನ್ನಾಗಿ ಒಗ್ಗಿತ್ತು. ಸಂಬಳವಿಲ್ಲದ ಸೇವೆಯಲ್ಲಿ ಮಾತ್ರ ಎಲ್ಲಿಲ್ಲದ ಹುರುಪು ಬರುತ್ತದೆ. ಸಾಬಣ್ಣ ದಿನಾ ಬೆಳಿಗ್ಗೆ ಬಂದು ಬೇಲಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದ. ಮಳೆಗಾಲ ಬಾಗಿಲಿಗೆ ಬಂದಿದೆ, ಹೊಲವೊಂದು ಹೀಗೆ ಕಡ್ಡಿ ನಿಂತುಕೊಂಡು ಮಳೆಗೆ ಕಾಯುವುದೇ? ನಮ್ಮ ಅಪ್ಪಂದಿರು ನೋಡಿದರೆ ಏನೆಂದಾರು? ನನಗೂ ಹಾಗೆಯೇ ಅನ್ನಿಸುತ್ತಿತ್ತು. ಬೇಸಿಗೆ ಮುಗಿಯುವ ಮುನ್ನ ಹೊಲ ಕನ್ನಡಿಯಂತೆ ಇರಬೇಕೆಂಬುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ನಂಬಿಕೆ. ಒಂದು ದಿನ ಅವನೇ ಬಾಯಿ ಬಿಟ್ಟ. ಕಣ್ಣು ಸರಿಮಾಡಿಸಿಕೊಂಡು ಬರುವ ಅಕ್ಕೋರಿಗೆ ಮೊದಲು ಕಾಣಬೇಕಾದದ್ದು ಈ ದರಿದ್ರವೇ? ಒಂದು ಚೊಕ್ಕ ತೋಟ ತೋರಿಸಿ ಖುಷಿಪಡಿಸಬಾರದೇ?

ಆಮೇಲೆ ನಡೆದದ್ದನ್ನು ಕೆಲಸ ಎನ್ನಲಾಗದು, ಅದು ಸಾಹೇಬರ ಭೇಟಿಯ ಸಿದ್ಧತೆ. ಕಡ್ಡಿಯೆಲ್ಲ ಬುಡಸಹಿತ ಬಂತು. ನನ್ನ ಕೈಗೆ ಇಷ್ಟು ದಿನ ಕಟ್ಟಿದ್ದ ಹಗ್ಗ ಬಿಚ್ಚಿದಂತಾಗಿತ್ತು, ಅದು ಎರಡು ದಿನ ನಿಲ್ಲಲೇ ಇಲ್ಲ. ಪೊರಕೆಯಿಂದ ಗುಡಿಸಿ ಧೂಳು ಸಮೇತ ಬಳಿದೆವು. ಸಾಬಣ್ಣ ತಂಗಡಿ ಪೊದೆಗಳನ್ನು ಸಾಹೇಬರು ತಂಗುವ ಐ.ಬಿ. ಮುಂದಿನ ಗಿಡಗಳಂತೆ ಲಾಡು ಲಾಡಾಗಿ ಕತ್ತರಿಸಿದ. ಪರಿಚಯದ ಕಂತ್ರಾಟುದಾರನಿಂದ ಗರಸು ಮಣ್ಣು ತರಿಸಿ ಹರವಿ, ನೀರು ಹೊಡೆದು, ರೋಲರ್ ಓಡಿಸಿದ. ಸುತ್ತ ಕಲ್ಲು ನೆಟ್ಟು ಸುಣ್ಣ ಹಚ್ಚಿದ, ಅಂಚಿಗೆ ಕೆಮ್ಮಣ್ಣನ್ನೂ ಮರೆಯಲಿಲ್ಲ. ಒಣಕಡ್ಡಿ, ಗುಡಿಸಿದ ಧೂಳು, ಗುಂಡಿಯ ತಿಪ್ಪೆ ಎಲ್ಲವನ್ನೂ ವನದುರ್ಗದ ಕೋಟೆಯ ಕೆಳಗೆ ಹೊಲವಿರುವ ತಮ್ಮನಿಗೆ, ಹೂದೋಟದ ಗೊಬ್ಬರವೆಂದು ಹೇಳಿ, ಟ್ರ್ಯಾಕ್ಟರಿನಲ್ಲಿ ತುಂಬಿ ಕಳಿಸಿದ. ಆ ತಮ್ಮನೂ ಅಣ್ಣನ ಮಾತು ನಂಬಿ ಹೊಲಕ್ಕೆಲ್ಲ ಚೆಲ್ಲಿದ.

ಅಕ್ಕೋರು ಮೊದಲ ಮಳೆ ಬಿದ್ದ ಮರುದಿನ ಬಂದರು. ಹಸಿರು ಕನ್ನಡಕ ಹಾಕಿಕೊಂಡು ನೇರವಾಗಿ ತೋಟಕ್ಕೇ ಬಂದರು. ನಾವಿಬ್ಬರೂ ಇಸ್ತ್ರಿ ಅಂಗಿ ತೊಟ್ಟು ಸುಣ್ಣದ ಕಲ್ಲುಗಳ ಪಕ್ಕ ನಿಂತಿದ್ದೆವು. ಅಕ್ಕೋರು ಕನ್ನಡಕ ಎತ್ತಿ ನೋಡಿದರು, ಮತ್ತೆ ಇಳಿಸಿ ನೋಡಿದರು. ಎಲ್ಲಿ ಹೋಯಿತು ಎಂದು ಕೇಳಿದರು. ಸಾಬಣ್ಣ ಹೆಮ್ಮೆಯಿಂದ, ಒಂದು ಬೀಜ ಉಳಿಯದಂತೆ ತೆಗೆದಿದ್ದೇವೆ ಎಂದ. ತೆಲುಗಿನಲ್ಲಿ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ.

“ಛಲೋ ಆಗ್ಯದ. ಹೆಲಿಕಾಪ್ಟರ್ ಇಳಸಬೋದು,” ಎಂದು ಹೇಳಿ ಮನೆಗೆ ಹೋದರು.

ಆಗ ನನಗೆ ಹೊಳೆಯಿತು. ಸಾಬಣ್ಣನಿಗೆ ಹೊಳೆಯಲು ಸಂಜೆಯಾಯಿತು. ಹೆಲಿಕಾಪ್ಟರ್ ಮಾತನ್ನು ಅವನು ಹೊಗಳಿಕೆಯೆಂದು ತಿಳಿದು ಮನೆಯವರಿಗೆಲ್ಲ ಹೇಳಿಕೊಂಡಿದ್ದ. ಶಾಂತಾ ಅಕ್ಕೋರ ಮನೆಗೆ ಹೋಗಿ ಬಂದು ನನ್ನ ಮುಂದೆ ತಾಟು ಕುಕ್ಕಿ, ಅವರೇನೂ ಸಿಟ್ಟಾಗಿಲ್ಲ, ‘ಇರಲಿ ಬಿಡು, ನನಗೆ ಒಬ್ಬಳೇ ಆಡಿ ರೂಢಿಯಾಗಿದೆ’ ಎಂದರು ಅಂದಳು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಬೈದಿದ್ದರೆ ಪೂರ್ತಿ ತಿನ್ನುತ್ತಿದ್ದೆ.

ರಿಪೇರಿಗೆ ನಿಂತೆವು. ರೋಲರ್ ಓಡಿಸಿದ ಗರಸನ್ನು ಹಾರೆಯಿಂದ ಅಗೆದು ತೆಗೆಯುವಾಗ, ಸಾಬಣ್ಣ ತನ್ನ ಕೆಲಸದ ಗಟ್ಟಿತನವನ್ನು ತಾನೇ ಶಪಿಸಿದ. ಸರ್ವೀಸಿನಲ್ಲಿ ಮಾಡಿದ ಯಾವ ಕೆಲಸವೂ ಇಷ್ಟು ಗಟ್ಟಿಯಾಗಿರಲಿಲ್ಲವಂತೆ. ಬೀಜಕ್ಕಾಗಿ ಶಹಾಪುರದ ಬೀಜ-ಔಷಧದ ಅಂಗಡಿಗೆ ಹೋದೆವು. ನಾನು ಗಿಡದ ವರ್ಣನೆ ಮಾಡಿದೆ, ಅಂಗಡಿಯವನಿಗೆ ಅರ್ಥವಾಗಲಿಲ್ಲ. ಅವ್ವನ ಹೆಸರು ಹೇಳಿದೆ. ತಕ್ಷಣ ಅರ್ಥವಾಯಿತು. ಅದನ್ನು ಸಾಯಿಸುವ ಔಷಧ ಎರಡು ಕಂಪನಿಯದಿದೆ, ಬೀಜ ಕೇಳಿದವರು ನೀವೇ ಮೊದಲು ಎಂದು ಹೇಳಿ, ಚಹಾ ಕುಡಿಸಿ ಕಳಿಸಿದ. ಸುತ್ತಲಿನ ಹೊಲಗಳಲ್ಲಿ ಹುಡುಕಿದರೆ, ಆ ಔಷಧದ ದೆಸೆಯಿಂದ ಅಲ್ಲೂ ಒಂದು ಗಿಡ ಸಿಗಲಿಲ್ಲ. ಮಳೆ ಚೆನ್ನಾಗಿಯೇ ಆಯಿತು. ನಮ್ಮ ತೋಟದಲ್ಲಿ ಎದ್ದದ್ದು ಮಾತ್ರ ಆ ಪಕ್ಷದ ಕಸ, ಅದೂ ಭಾರಿ ಬಹುಮತದಿಂದ. ಹೂವಿಲ್ಲದ ಮೇಲೆ ಸಾಲುಮನೆಯ ಹೆಂಗಸರೂ ಒಬ್ಬೊಬ್ಬರಾಗಿ, ಮುಂದಿನ ವರ್ಷ ನೋಡೋಣ ಅನ್ನತೊಡಗಿದರು. ಮುಂದಿನ ವರ್ಷಕ್ಕೆ ಇದೇ ಉತ್ಸಾಹ ಇರುತ್ತದೆಂದು ಅಕ್ಕೋರೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ.

ಅಮವಾಸ್ಯೆ ಇನ್ನೇನು ಬಂತು ಎನ್ನುವಾಗ, ಒಂದು ಮಧ್ಯಾಹ್ನ, ಸಾಬಣ್ಣನ ತಮ್ಮನ ಹೆಂಡತಿ ಮಾದೇವಿ ವನದುರ್ಗದಿಂದ ಟಂಟಂ ಆಟೊ ಹತ್ತಿ ಬಂದಳು. ಸಾಬಣ್ಣನ ಕಟ್ಟೆಯ ಮೇಲೆ ನಾವೆಲ್ಲ ಕುಳಿತಿದ್ದೆವು, ಶಾಂತಾ ಹಪ್ಪಳ ತೆಗೆದಿಡುತ್ತಿದ್ದಳು. ಮಾದೇವಿ ತಲೆಯ ಮೇಲಿನ ಹೊರೆಯನ್ನು ನಮ್ಮ ಕಾಲ ಬಳಿ ದೊಪ್ಪೆಂದು ಒಗೆದಳು.

“ಏನ್ ಗೊಬ್ಬರ ಕೊಟ್ಟೀರಿ ಭಾವಾರ? ತೊಗರಿ ಹುಡುಕಿದ್ರ ಸಿಗವಲ್ದು. ಔಷಧ ಹೊಡದ್ರ ಕುಡದು ಮತ್ತಿಷ್ಟು ಬೆಳಿಯಾಕತ್ತದ. ಕಸ ತೆಗ್ಯಾಕ ಒಂದು ಆಳು ಸಿಗಂಗಿಲ್ಲ.”

ಹೊರೆಯಲ್ಲಿದ್ದದ್ದು ಗುನುಗು. ತುದಿ ಗುಲಾಬಿ, ಬುಡ ಬಿಳಿ, ತೋಳುದ್ದದ ಹೂಗಳು. ಸಾಬಣ್ಣ ಮುಖ ತಗ್ಗಿಸಿದ. ಶಾಂತಾ ಹಪ್ಪಳ ಅಲ್ಲಿಯೇ ಬಿಟ್ಟು, ಹೊರೆಯಿಂದ ಒಂದು ಹಿಡಿ ಹಿರಿದುಕೊಂಡು ಅಕ್ಕೋರ ಮನೆಯ ಕಡೆಗೆ ಓಡಿದಳು. ಅವಳು ಓಡಿದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಅಮವಾಸ್ಯೆಯ ದಿನ ಸಾಲುಮನೆಯ ಹೆಂಗಸರೆಲ್ಲ ಟ್ರ್ಯಾಕ್ಟರ್ ಹತ್ತಿ ಮಾದೇವಿಯ ಹೊಲಕ್ಕೆ ಹೊರಟರು. ಹೂ ಕೀಳಲು ಬರುತ್ತಿದ್ದಾರೆಂದು ಅವರು ತಿಳಿದಿದ್ದರು. ಪುಕ್ಕಟೆ ಕಸ ತೆಗೆಯಲು ಬರುತ್ತಿದ್ದಾರೆಂದು ಮಾದೇವಿ ತಿಳಿದಿದ್ದಳು. ಇಬ್ಬರಿಗೂ ಲಾಭವಾದ ವ್ಯವಹಾರ ನಾನು ನೋಡಿದ್ದು ಇದೊಂದೇ. ಮಾದೇವಿ ಬದುವಿನ ಮೇಲೆ ನಿಂತು, ಬರೀ ಹೂ ಚಿವುಟಬೇಡಿ, ಬುಡಸಹಿತ ಬರಲಿ ಎಂದು ಮೇಸ್ತ್ರಿಕೆ ನಡೆಸಿದಳು. ಸಾಬಣ್ಣನನ್ನೂ ನನ್ನನ್ನೂ ಬೇವಿನ ಮರದ ಕೆಳಗೆ ಬುತ್ತಿ ಕಾಯಲು ಕೂರಿಸಿ, ಏನನ್ನೂ ಮುಟ್ಟಬಾರದೆಂದು ಎಲ್ಲರೂ ಸೇರಿ ತಾಕೀತು ಮಾಡಿದ್ದರು. ನನ್ನ ಮಾತು ಹೇಳಬೇಕೆಂದರೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ.

ಸಂಜೆಗೆ ಹೊಲದ ಅಂಚಿನಲ್ಲಿ ಅಕ್ಕೋರು ಹಿತ್ತಾಳೆ ತಾಟು ಇಟ್ಟುಕೊಂಡು ಹೂ ಜೋಡಿಸಿದರು. ಕೋಟೆಯ ಗುಡ್ಡದಿಂದ ತಂದ ತಂಗಡಿಯ ಹಳದಿ ಒಂದು ಸುತ್ತು, ಗುನುಗು ಒಂದು ಸುತ್ತು, ಮತ್ತೆ ಹಳದಿ. ಮೊಣಕಾಲೆತ್ತರ ಬಂತು. ಹೆಂಗಸರು ಸುತ್ತಲೂ ನಿಂತರು. ಇದಕ್ಕೆ ಬರೀ ಸುತ್ತಿದರೆ ಸಾಕೇ ಎಂದು ಕೇಳಿ ಮಾದೇವಿಯೂ ಕೈ ತೊಳೆದುಕೊಂಡು ಬಂದು ಸೇರಿದಳು. ಸಾಲು ನಾನು ಹಾಡುತ್ತೇನೆ, ಪ್ರತಿ ಸಾಲಿನ ಕೊನೆಗೆ ಬರುವ ಒಂದು ಪದವನ್ನು ನೀವೆಲ್ಲ ಹೇಳಬೇಕು ಎಂದು ಅಕ್ಕೋರು ಹೇಳಿಕೊಟ್ಟರು. ಎಲ್ಲರೂ ಎರಡೆರಡು ಸಲ ಹೇಳಿ ಪಾಠ ಒಪ್ಪಿಸಿದರು.

ಅಕ್ಕೋರು ಚಪ್ಪಾಳೆ ತಟ್ಟಿ, ಬಗ್ಗಿ, ಮೊದಲ ಸಾಲು ಹಾಡಿದರು. ಹೆಂಗಸರು ಬಾಯಿ ತೆರೆದರು. ಅಷ್ಟರಲ್ಲಿ ಆ ಪದವನ್ನೂ ಅಕ್ಕೋರೇ ಹಾಡಿ, ಎರಡನೆಯ ಸಾಲಿಗೆ ಹೋಗಿಬಿಟ್ಟಿದ್ದರು. ಎರಡನೆಯ ಸಾಲಿಗೂ ಹಾಗೆಯೇ. ಮೂರನೆಯದಕ್ಕೂ. ತೆರೆದ ಬಾಯಿಗಳು ಮುಚ್ಚಿದವು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುತ್ತುತ್ತಿದ್ದರು. ಅಕ್ಕೋರಿಗೆ ಅದು ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಎರಡೂ ಪಾಲನ್ನು, ಅಂಗಳದಲ್ಲಿ ಅಷ್ಟು ವರ್ಷ ಹಾಡಿದಂತೆಯೇ, ಬಿಡುವಿಲ್ಲದೆ ಹಾಡುತ್ತಿದ್ದರು. ನನ್ನ ಪಕ್ಕದಲ್ಲಿ ಸಾಬಣ್ಣ ಮೂಗು ಒರೆಸಿಕೊಂಡ.

ಮಾದೇವಿ ನಡೆಯುತ್ತಲೇ ಅಕ್ಕೋರ ತೋಳು ಹಿಡಿದಳು.

“ಅಕ್ಕೋರ, ನಮ್ಮ ಪಾಲಿಂದು ನಮಗ ಬಿಡ್ರಿ.”

ಅಕ್ಕೋರು ಕಣ್ಣು ತೆರೆದು ನಿಂತರು. ಸುತ್ತ ನಿಂತ ಅಷ್ಟೂ ಜನರನ್ನು ಒಮ್ಮೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದರು. ಸಾಲಿನ ಕೊನೆಗೆ ಬಂದಾಗ ತುಟಿ ಬಿಗಿ ಹಿಡಿದು ಕಾದರು. ಉಳಿದವರ ಆ ಒಂದು ಪದ ಬಂತು, ಶ್ರುತಿಯಿಲ್ಲ, ತಾಳವಿಲ್ಲ, ಎಲ್ಲರಿಗಿಂತ ಜೋರಾಗಿ ಮಾದೇವಿಯದು.